ಲೋಮಾ ಸೇಕಾದ ಪನಾಮಾ ಕಾಲುವೆ

ಲೋಮಾ ಸೇಕಾ ಟೋಪಿ ಹೆಣೆಯುವವರ ಸಂಘದ ಅಧಿಕೃತ ಬ್ಲಾಗಿಗೆ ಒಬ್ಬ ಓದುಗರಿದ್ದಾರೆಂದು ಸಂಘದ ವಾರ್ಷಿಕ ವರದಿಯಲ್ಲಿ ದಾಖಲಾಗಿದೆ. ಆ ಓದುಗರು ನನ್ನ ಅತ್ತೆ. ಬ್ಲಾಗಿನ ಲೇಖಕ, ಸಂಪಾದಕ ಹಾಗೂ ಸಂಘದ ಕಾರ್ಯದರ್ಶಿ ಮೂರೂ ನಾನೇ ಆದ್ದರಿಂದ ವರದಿ ಬರೆದವನೂ ನಾನೇ. ಓದುಗರ ಸಂಖ್ಯೆ ‘ಸ್ಥಿರವಾಗಿದೆ’ ಎಂದು ಬಣ್ಣಿಸಿದವನೂ ನಾನೇ.

ಅತ್ತೆ, ಅಂದರೆ ಶ್ರೀಮತಿ ಎದೆಲ್ಮಿರಾ ಅಂಚುಂದಿಯಾ, ಬ್ಲಾಗು ಓದುತ್ತಿದ್ದುದು ಸಾಹಿತ್ಯದ ಆಸೆಯಿಂದಲ್ಲ, ತಮ್ಮ ಟೋಪಿಗೆ ಅದರಿಂದ ಒಬ್ಬ ಗಿರಾಕಿ ಸಿಕ್ಕಾನೆಂದು. ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಬಿಸಿಲೇರಿದರೆ ತೊಕಿಯಾ ಎಂಬ ತಾಳೆಯಂಥ ಗಿಡದ ಗರಿಯ ಎಳೆ ಒಣಗಿ ಮುರಿಯುತ್ತದೆಂದು ನಸುಕಿನಲ್ಲೇ ಎದ್ದು, ಮರದ ಅಚ್ಚಿನ ಮೇಲೆ ಎದೆಯೂರಿ ಬಗ್ಗಿ, ಒಂದು ಟೋಪಿ ಹೆಣೆದು ಮುಗಿಸಿದ್ದರು. ನೀರು ಹೊಯ್ದರೆ ನಿಲ್ಲುವಷ್ಟು ಒತ್ತಾದ ಹೆಣಿಗೆ. ಇನ್ನು ಇಂಥದ್ದು ಅವರ ಕೈಯಿಂದ ಆಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

“ದಲ್ಲಾಳಿಗೆ ಕೊಡಲ್ಲ,” ಅಂದರು. “ಅವನು ಒಳಗಡೆ ಪನಾಮಾ ಅಂತ ಮುದ್ರೆ ಒತ್ತಿ ಮಾರ್ಕೋತಾನೆ. ಇದನ್ನ ತಲೆಗಿಟ್ಕೊಳ್ಳೋನಿಗೆ ಇದು ಲೋಮಾ ಸೇಕಾದ ಎದೆಲ್ಮಿರಾ ಹೆಣೆದಿದ್ದು ಅಂತ ಗೊತ್ತಿರ್ಬೇಕು. ಹುಡುಕ್ಕೊಂಡು ಬರ್ಲಿ. ನಿಮ್ಮ ಬ್ಲಾಗಿರೋದು ಅದಕ್ಕೇ ಅಲ್ವಾ, ಅಳಿಯಂದ್ರೇ?”

ಪನಾಮಾ ಬೇರೆ ದೇಶ. ನಮ್ಮ ಎಕ್ವಡಾರಿನ ಟೋಪಿಗಳು ಹಿಂದೆ ಹಡಗು ಹತ್ತಿ ಅಲ್ಲಿ ಮಾರಾಟವಾಗುತ್ತಿದ್ದವು. ಕೊಂಡವರು ಕೊಂಡ ಜಾಗದ ಹೆಸರನ್ನೇ ಟೋಪಿಗೆ ಇಟ್ಟುಬಿಟ್ಟರು. ಆ ಹೆಸರು ಕಿವಿಗೆ ಬಿದ್ದರೆ ನಮ್ಮೂರಿನವರಿಗೆ ಇಂದಿಗೂ ಮೈ ಉರಿಯುತ್ತದೆ.

ನಾನು ಕೂಡಲೇ ಕಾರ್ಯಪ್ರವೃತ್ತನಾಗಿ ಅತ್ತೆಯ ಟೋಪಿಯ ಬಗ್ಗೆ ಲೇಖನ ಬರೆದೆ. ಶೀರ್ಷಿಕೆ ‘ಎಳೆಯ ಮೌನ: ಕೆಲವು ಚಿಂತನೆಗಳು’. ಅದರಲ್ಲಿ ಟೋಪಿ ಎಂಬ ಪದ ಕೊನೆಯ ಪ್ಯಾರಾದಲ್ಲಿ ಬರುತ್ತದೆ, ಅದೂ ನನ್ನ ಬಾಲ್ಯದಲ್ಲಿ ಕಳೆದುಹೋದ ಟೋಪಿ. ಹುಡುಕುವವರಿಗೆ ಲೇಖನ ಸಿಗಲೆಂದು ಲೇಬಲ್ ಹಾಕುವ ಜಾಗದಲ್ಲಿ ‘ಮಂಜು, ನೆನಪು, ನಾನು’ ಎಂದು ತುಂಬಿದೆ. ಓದಿಕೊಂಡಾಗ ನನಗೇ ಕಣ್ಣು ತುಂಬಿ ಬಂತು.

ಅತ್ತೆ ಫೋನನ್ನು ಮೂಗಿಗೆ ತಾಗಿಸಿಕೊಂಡು ಕೊನೆಯವರೆಗೂ ಓದಿದರು. “‘ನಾನು’ ಅಂತ ಯಾರ್ ಹುಡುಕ್ತಾರೆ? ಟೋಪಿ ಬೇಕಾದೋನು ಟೋಪಿ ಅಂತ ತಾನೇ ಹುಡುಕೋದು? ನಿಮ್ಮನ್ನ ಕಟ್ಕೊಂಡು ಅವನಿಗೇನಾಗ್ಬೇಕು?” ಅಂದರು.

ವಿಷಯ ಸಂಘದ ಸಭೆಗೆ ಹೋಯಿತು. ನಮ್ಮ ಅಧ್ಯಕ್ಷರು ಇಂಜಿನಿಯರ್ ವಾಷಿಂಗ್ಟನ್ ಮೇರೊ. ಅವರು ಏನು ಕಟ್ಟಿದ್ದಾರೆಂದು ಕೇಳುವುದು ನಮ್ಮಲ್ಲಿ ಸಭ್ಯತೆಯಲ್ಲ. ಅವರು ಒಂದು ಲೇಬಲ್ ಸಮಿತಿ ರಚಿಸಿದರು. ಸಮಿತಿಯ ಮೊದಲ ಪ್ರಕಟಣೆ ಹೀಗಿತ್ತು:

“ಕಲಂ ಒಂದು: ಪನಾಮಾ ಎಂಬ ಪದವನ್ನು ಬರೆಯತಕ್ಕದ್ದಲ್ಲ, ಆಡತಕ್ಕದ್ದಲ್ಲ, ಕಚೇರಿಯ ವೇಳೆಯಲ್ಲಿ ಯೋಚಿಸತಕ್ಕದ್ದಲ್ಲ. ಕಲಂ ಎರಡು: ಪ್ರತಿ ಲೇಖನಕ್ಕೂ ‘ಎಕ್ವಡಾರ್ ಗಣರಾಜ್ಯದ ಕರಾವಳಿ ಸೀಮೆಯ ಲೋಮಾ ಸೇಕಾ ಗ್ರಾಮದ ಅಪ್ಪಟ ಕೈಹೆಣಿಗೆಯ ತೊಕಿಯಾ ಎಳೆಯ ಶಿರಸ್ತ್ರಾಣ’ ಎಂಬ ಲೇಬಲ್ ಹಾಕತಕ್ಕದ್ದು. ಕಲಂ ಮೂರು: ಲೇಬಲ್ ಯಾವ ಕಾರಣಕ್ಕೂ ಸುಳ್ಳಾಗಿರತಕ್ಕದ್ದಲ್ಲ. ಕಲಂ ನಾಲ್ಕು: ಅಧ್ಯಕ್ಷರ ಹೆಸರನ್ನೂ ಹಾಕತಕ್ಕದ್ದು.”

ಅಕ್ಷರಶಃ ಸತ್ಯವಾದ ಆ ಲೇಬಲನ್ನು ಜಗತ್ತಿನಲ್ಲಿ ಯಾರೂ ಹುಡುಕಲಿಲ್ಲ. ಅಧ್ಯಕ್ಷರ ಹೆಸರನ್ನು ಮಾತ್ರ ಒಬ್ಬರು ಪದೇ ಪದೇ ಹುಡುಕುತ್ತಿದ್ದರು. ವಿಚಾರಣೆ ನಡೆಸಲಾಗಿ ಅವರು ಅಧ್ಯಕ್ಷರೇ ಎಂದು ತಿಳಿದುಬಂತು.

ಆಗ ಗ್ವಾಯಾಕಿಲ್‌ನಿಂದ ಕೀವರ್ಡ್ ತಜ್ಞೆಯೊಬ್ಬರನ್ನು ಕರೆಸಲಾಯಿತು. ಆಕೆ ಅತ್ತೆ ಮಾಡಿದ ಕಡಲೆಕಾಯಿ ಹಾಕಿದ ಮೀನಿನ ಸಾರನ್ನು ಎರಡೆರಡು ಸಲ ಬಡಿಸಿಕೊಂಡು ಉಂಡು, ಕೈ ಒರೆಸಿಕೊಂಡು ಹೇಳಿದರು: “ಹುಡುಕೋರ ಬಾಯಲ್ಲಿ ಯಾವ ಮಾತಿದೆಯೋ ಅದನ್ನ ಹಾಕ್ಬೇಕು, ನಿಮ್ಮ ಬಾಯಲ್ಲಿರೋದನ್ನಲ್ಲ. ಜನ ಹುಡುಕೋದು ‘ಪನಾಮಾ ಟೋಪಿ’ ಅಂತ.”

ಕಚೇರಿಯ ವೇಳೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಯಾರೂ ಅದರ ಬಗ್ಗೆ ಯೋಚಿಸುವಂತಿರಲಿಲ್ಲ. ಅತ್ತೆಯೇ ಸಿಡಿದರು. “ಸುಳ್ ಹೇಳಿ ಮಾರೋ ಹಾಗಿದ್ರೆ ದಲ್ಲಾಳಿಗೇ ಕೊಡ್ತಿದ್ನಲ್ಲ!”

“ಸುಳ್ ಹೇಳಿ ಅಂತ ಯಾರಮ್ಮಾ ಹೇಳಿದ್ದು?” ಎಂದರು ಇಂಜಿನಿಯರು. “ಲೇಬಲ್ಲು ವಸ್ತುವಿಗೆ ಹೊಂದದೇ ಇದ್ರೆ ಸುಳ್ಳು. ಲೇಬಲ್ ಬದಲಾಯ್ಸೋಕೆ ಆಗಲ್ಲ ಅಂತ ತಜ್ಞರು ಹೇಳ್ತಿದಾರೆ. ಹಾಗಾದ್ರೆ ವಸ್ತು ಬದಲಾಯ್ಸೋಣ.”

ಲೋಮಾ ಸೇಕಾ ಊರಿನ ಹೆಸರನ್ನು ಪನಾಮಾ ಎಂದು ಬದಲಿಸುವ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಅತ್ತೆ ಕೈ ಎತ್ತಲಿಲ್ಲ. ನಡಾವಳಿಯಲ್ಲಿ ನಾನು ಕಾರಣ ‘ಹೆಣಿಗೆಯಿಂದಾದ ಭುಜದ ನೋವು’ ಎಂದು ಬರೆದುಕೊಂಡೆ.

ಮರುದಿನದಿಂದಲೇ ಬಸ್ಸಿನ ಕಂಡಕ್ಟರ್ ನಮ್ಮ ನಿಲ್ದಾಣದಲ್ಲಿ “ಪನಾಮಾ, ಪನಾಮಾ, ಇಳೀರಿ” ಎಂದು ಕೂಗತೊಡಗಿದ. ಕಲಂ ಒಂದನ್ನು ಕೈಬಿಟ್ಟು ‘ಪನಾಮಾ ಟೋಪಿ’ ಎಂಬ ಲೇಬಲ್ ಹಾಕಿದ್ದೇ ತಡ, ಬ್ಲಾಗಿಗೆ ಓದುಗರು ಹರಿದು ಬಂದರು. ನನ್ನ ಮೌನದ ಚಿಂತನೆಗಳಿಗೆ ಮೊದಲ ಬಾರಿಗೆ ಪ್ರತಿಕ್ರಿಯೆಗಳು ಬಂದವು. ಎಲ್ಲರೂ ಒಂದೇ ಮಾತು ಕೇಳಿದ್ದರು: ಕಾಲುವೆ ಎಲ್ಲಿದೆ?

ಪನಾಮಾ ಹುಡುಕುವವರು ಕಾಲುವೆಯನ್ನೂ ಹುಡುಕುತ್ತಾರೆ, ಅದನ್ನೂ ಲೇಬಲ್ಲಿಗೆ ಸೇರಿಸಿ ಎಂದು ತಜ್ಞೆ ಫೋನಿನಲ್ಲಿ ತಿಳಿಸಿದರು. ಕಲಂ ಮೂರರ ಪ್ರಕಾರ ಲೇಬಲ್ ಸುಳ್ಳಾಗುವಂತಿಲ್ಲ. ಆದ್ದರಿಂದ ಇಗರ್ಜಿಯ ಮೆಟ್ಟಿಲಿನಿಂದ ಅಧ್ಯಕ್ಷರ ತಂಪು ಪಾನೀಯದ ಅಂಗಡಿಯವರೆಗೆ ಕಾಲುವೆ ತೋಡಿಸಲಾಯಿತು. ಗುತ್ತಿಗೆ ಅಧ್ಯಕ್ಷರ ಭಾವಮೈದುನನಿಗೆ ಸಿಕ್ಕಿತು. ಇದರಲ್ಲಿ ಪಕ್ಷಪಾತವೇನೂ ಇಲ್ಲ. ಟೆಂಡರ್ ಪ್ರಕಟಣೆಯನ್ನು ಬ್ಲಾಗಿನಲ್ಲಿ ‘ಮಂಜು, ನೆನಪು, ನಾನು’ ಎಂಬ ಲೇಬಲ್‌ಗಳೊಂದಿಗೆ ಹಾಕಿದ್ದರಿಂದ ಬೇರೆ ಯಾರ ಕಣ್ಣಿಗೂ ಅದು ಬೀಳಲಿಲ್ಲ, ಅಷ್ಟೇ. ಲೋಮಾ ಸೇಕಾ ಅಂದರೆ ಒಣಗುಡ್ಡ; ನಮ್ಮೂರು ಆ ಹಳೆಯ ಹೆಸರಿಗೆ ತಕ್ಕಂತೆಯೇ ಇರುವುದರಿಂದ ಭಾನುವಾರ ಮಾತ್ರ ಟ್ಯಾಂಕರಿನಲ್ಲಿ ನೀರು ತರಿಸಿ ಬಿಡುತ್ತಾರೆ. ಉದ್ಘಾಟನೆಯ ದಿನ ಪಾದ್ರಿಗಳ ಬಾತುಕೋಳಿ ಸುಂಕ ಕೊಡದೆ ಕಾಲುವೆ ದಾಟಿತು.

ಅಂಥದೇ ಒಂದು ಭಾನುವಾರ ದೂರದೇಶದ ಒಬ್ಬ ಯಜಮಾನರು ನಮ್ಮ ಬ್ಲಾಗು ಹಿಡಿದುಕೊಂಡೇ ಬಂದಿಳಿದರು. ಅತ್ತೆಯ ಟೋಪಿಯನ್ನು ಬೆಳಕಿಗೆ ಹಿಡಿದು ನೋಡಿದವರ ಮುಖವೇ ಬದಲಾಯಿತು. ಟೋಪಿ ಬಲ್ಲವರೇ ಇರಬೇಕು. ಆಮೇಲೆ ಕೇಳಿದರು: “ಇದು ಅಸಲಿ ಪನಾಮಾನಾ?”

ಇಂಜಿನಿಯರು ಕಣ್ಣು ಮುಚ್ಚಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ನನಗೆ ನಾಚಿಕೆಯಾಯಿತು, ಹೇಳಿಬಿಡುತ್ತೇನೆ. ಅತ್ತೆ ಎದ್ದು ಹೋಗಿ ಆ ಯಜಮಾನರ ತಲೆಗೆ ಎರಡೂ ಕೈಯಿಂದ ಟೋಪಿ ಇಟ್ಟು, ಅಂಚು ಸರಿಮಾಡಿದರು.

“ಅಸಲಿನೇ ಸ್ವಾಮಿ. ನಾನು ಹುಟ್ಟಿದ್ದೂ ಇದೇ ಪನಾಮಾದಲ್ಲಿ. ಅಗೋ ಕಾಲುವೆ. ಬಾತುಕೋಳಿ ಕಚ್ತದೆ, ಜೋಪಾನ.”

ಅವರು ಚೌಕಾಸಿ ಮಾಡದೆ ಕೊಂಡರು, ಅತ್ತೆಯ ಫೋಟೋ ತೆಗೆದುಕೊಂಡರು. ಆ ವಾರವೇ ತಮ್ಮ ಸ್ವಂತ ಬ್ಲಾಗಿನಲ್ಲಿ ಅದನ್ನು ಹಾಕಿದರು. ನಾನು ಅತ್ತೆಗೆ ಓದಿ ಹೇಳಿದೆ.

“ನನ್ ಹೆಸರು ಹಾಕಿದಾರಾ?”

“ಲೇಬಲ್ ಹಾಕಿದಾರೆ ಅತ್ತೆ.”

“ಏನಂತ?”

“ಪನಾಮಾ, ಕಾಲುವೆ, ಟೋಪಿ, ಅಜ್ಜಿ.”

ಅತ್ತೆ ಖಾಲಿ ಅಚ್ಚನ್ನು ಲಂಗದ ಅಂಚಿನಿಂದ ಒರೆಸುತ್ತ ಕೂತರು. “ಟೋಪಿ, ಅಜ್ಜಿ. ಎರಡಾದ್ರೂ ನಿಜ ಇದೆಯಲ್ಲ,” ಅಂದರು.

ಆಮೇಲೆ ಬಂದವರೆಲ್ಲ ‘ಪನಾಮಾ ಅಜ್ಜಿ’ಯನ್ನು ಕೇಳಿಕೊಂಡು ಬಂದರು. ಸಮಿತಿ ಅವರ ಹೆಸರನ್ನೂ ಸದಸ್ಯರ ಪಟ್ಟಿಯಲ್ಲಿ ಹಾಗೆಯೇ ತಿದ್ದಿತು. ಹೊರಗಿನಿಂದ ಯಾರಾದರೂ ಹಾಗೆ ಕೂಗಿದರೆ ಅತ್ತೆ ಈಗ “ಬಂದೆ, ಬಂದೆ” ಎನ್ನುತ್ತಾರೆ. ಒಂದು ದಿನ ಮಾತ್ರ ನನ್ನ ಕುರ್ಚಿಯ ಹಿಂದೆ ಬಂದು ನಿಂತು, “ಅಳಿಯಂದ್ರೇ, ಎಲ್ಲಾದ್ರೂ ಒಂದ್ ಮೂಲೇಲಿ ಎದೆಲ್ಮಿರಾ ಅಂತಾನೂ ಹಾಕಿಡಿ. ಯಾರೂ ಹುಡುಕದಿದ್ರೂ ಪರ್ವಾಗಿಲ್ಲ,” ಅಂದರು. ನನ್ನ ಲೇಖನದ ‘ನಾನು’ ಎಂಬ ಲೇಬಲ್ ಅಳಿಸಿ ಆ ಜಾಗದಲ್ಲಿ ‘ಎದೆಲ್ಮಿರಾ’ ಎಂದು ಹಾಕಿದೆ.

ಇತ್ತೀಚಿನ ಲೆಕ್ಕದಂತೆ ಆ ಲೇಬಲ್ ದಿನಕ್ಕೆ ಒಬ್ಬರನ್ನು ಮಾತ್ರ ಕರೆತರುತ್ತದೆ, ಅದೂ ನಸುಕಿನಲ್ಲಿ. ಅವರು ಯಾರೆಂದು ಸಮಿತಿ ವಿಚಾರಣೆ ನಡೆಸಿತು. ಅವರು ನನ್ನ ಅತ್ತೆ. ಹೆಣೆಯಲು ಏಳುತ್ತಿದ್ದ ಹೊತ್ತಿಗೇ ಎದ್ದು, ಫೋನನ್ನು ಮೂಗಿಗೆ ಹಿಡಿದು, ತಾವು ಇನ್ನೂ ಸಿಗುತ್ತೇವೆಯೇ ಎಂದು ನೋಡಿಕೊಳ್ಳುತ್ತಾರೆ. ನಿಷ್ಪ್ರಯೋಜಕ ಲೇಬಲ್‌ಗಳನ್ನು ತೆಗೆದುಹಾಕತಕ್ಕದ್ದೆಂದು ಸಮಿತಿ ಆದೇಶ ಹೊರಡಿಸಿತು. ಕಾರ್ಯದರ್ಶಿಯಾಗಿ ಅದಕ್ಕೆ ಸಹಿ ಹಾಕಿದವನು ನಾನೇ.

ಆ ಕಡತ ಈಗ ನನ್ನ ಮೇಜಿನ ಮೇಲೆ ಪರಿಶೀಲನೆಯಲ್ಲಿದೆ. ನಮ್ಮ ಕಚೇರಿಯಲ್ಲಿ ಪರಿಶೀಲನೆ ಮುಗಿದ ಉದಾಹರಣೆ ಇಲ್ಲ. ಈ ವಿಳಂಬಕ್ಕೆ ಅಧ್ಯಕ್ಷರ ಸಮ್ಮತಿಯೂ ಇದೆ; ಅವರ ಹೆಸರಿನ ಲೇಬಲ್ಲನ್ನೂ ಹುಡುಕುವವರು ಒಬ್ಬರೇ.