ಗುಡ್ಡದ ಮೇಲಿನ ಮಂಟಪದ ಸ್ಲೈಡು

ಕಾರಿನಿಂದ ಕೆಳಗಿಳಿದು ನಡೆದರೆ ನಗೆಪಾಟಲಾಗುವುದು ನೈರೋಬಿಯ ನಮ್ಮಂಥವರಿಗೆ ಹೊಸದೇನಲ್ಲ. ಅದಕ್ಕಾಗಿ ವಿಯೆನ್ನಾವರೆಗೂ ಹೋಗಿ ಬಂದವರು ನಾನು ಮತ್ತು ನನ್ನವಳು ಮಾತ್ರ ಎಂದು ಕೆಲಕಾಲ ನಂಬಿದ್ದೆ.

ಇದು ಎಂಬತ್ತರ ದಶಕದ ಕೊನೆಯ ಮಾತು. ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ನಮ್ಮ ಡಾಕ್ಟರು ವಿಯೆನ್ನಾದ ಹಳೆಯ ಅರಮನೆಯ ತೋಟ ನೋಡಿ ಬಂದಿದ್ದರು. ದೀಪಾವಳಿಗೆ ಕನ್ನಡದವರೆಲ್ಲ ಅವರ ಮನೆಯಲ್ಲಿ ಸೇರಿದಾಗ ಗೋಡೆಗೆ ಬಿಳಿ ಪಂಚೆ ಕಟ್ಟಿ ಸ್ಲೈಡ್ ತೋರಿಸಿದರು. ಯುಗಾದಿಗೆ ಮತ್ತೆ ಅವನ್ನೇ ತೋರಿಸಿದರು. ತೋಟದ ಹಿಂದಿನ ಗುಡ್ಡದ ಮೇಲೆ ಕಂಬಗಳ ಮಂಟಪವೊಂದಿದೆ, ಅಲ್ಲಿಗೆ ನಡೆದೇ ಹತ್ತಬೇಕು. ಆ ಸ್ಲೈಡ್ ಬಂದಾಗಲೆಲ್ಲ ಡಾಕ್ಟರು ಒಂದು ನಿಮಿಷ ಸುಮ್ಮನಾಗುತ್ತಿದ್ದರು, ನಾವು ಮೆಚ್ಚಿಕೊಳ್ಳಲೆಂದು.

ಆಗಸ್ಟ್ ರಜೆಗೆ ನಾವೂ ಅಲ್ಲಿಗೇ ಹೊರಟಿದ್ದೇವೆ ಎಂದು ನನ್ನವಳು ಬಾಯಿಬಿಟ್ಟಳು. ಡಾಕ್ಟರು ನಕ್ಕರು.

"ನೀವು ಕರೆನ್‌ನವರು ಮೇಷ್ಟ್ರೇ, ದೊಡ್ಡವರ ಬಡಾವಣೆ, ಬಾಗಿಲಿಂದ ಗೇಟಿಗೂ ಕಾರು. ಗುಡ್ಡ ಹತ್ತಿದ ಫೋಟೋ ತಂದ್ರೆ ಬರೋ ದೀಪಾವಳಿಗೆ ಪ್ರೊಜೆಕ್ಟರ್ ನಿಮ್ಮದು. ಇಲ್ಲಾಂದ್ರೆ ನನ್ನ ಸ್ಲೈಡೇ."

ಕೂತಿದ್ದವರೆಲ್ಲ ನನ್ನತ್ತ ತಿರುಗಿದರು. ಅಷ್ಟು ಆಸೆಗಣ್ಣಿನಿಂದ ನನ್ನನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

ತಾಲೀಮು

ಮರುದಿನದಿಂದಲೇ ಬೆಳಿಗ್ಗೆ ನಡೆಯುವುದೆಂದು ನಿಶ್ಚಯಿಸಿದೆವು. ನೂರು ಹೆಜ್ಜೆ ಹಾಕಿರಲಿಲ್ಲ, ನಮ್ಮ ಶಾಲೆಯ ಗಣಿತದ ಮೇಷ್ಟ್ರು ಕಾರು ನಿಲ್ಲಿಸಿ ಗಾಡಿ ಕೆಟ್ಟಿತೇ ಎಂದು ಕೇಳಿದರು. ಸುಮ್ಮನೆ ನಡೆಯುತ್ತಿದ್ದೇವೆ ಎಂದರೆ ನಂಬಲಿಲ್ಲ. ಸಂಕೋಚ ಬೇಡ ಎಂದು ಬಲವಂತವಾಗಿ ಹತ್ತಿಸಿಕೊಂಡು ಮನೆಗೆ ತಂದುಬಿಟ್ಟರು. ಎರಡನೇ ದಿನ ಮಂಗಳೂರಿನ ಟೀಚರೊಬ್ಬರು ಸಿಕ್ಕರು. ಹಿಂದಿನ ಸೀಟಿನ ಮಕ್ಕಳನ್ನು ಕೊಂಕಣಿಯಲ್ಲಿ ಗದರಿ ಸರಿಸಿ ನಮಗೆ ಜಾಗ ಮಾಡಿಕೊಟ್ಟರು. ಮೂರನೇ ದಿನ ಪಕ್ಕದ ಬಂಗಲೆ ಕಾಯುವ ಅಸ್ಕಾರಿ ಗೇಟಿನಿಂದ ಹೊರಬಂದು ಟೋಪಿ ತೆಗೆದು "ಪೋಲೆ, ಪೋಲೆ" ಎಂದು ಸಂತಾಪ ಸೂಚಿಸಿದ. ನಾವು ಕಾರು ಮಾರಿಕೊಂಡೆವೆಂದು ಅವನ ಲೆಕ್ಕ.

ನಾಲ್ಕನೇ ದಿನ ಆ ಬಂಗಲೆಯವರೇ ಒಬ್ಬ ಮೆಕ್ಯಾನಿಕ್‌ನನ್ನು ಕಳಿಸಿದರು. ಬಂದವನು ಬರಿಗೈಲಿ ಹೋಗಬಾರದೆಂದು ಚೆನ್ನಾಗಿದ್ದ ಎಂಜಿನ್ನನ್ನು ಬಿಚ್ಚಿ ಜೋಡಿಸಿದ. ಆಮೇಲೆ ಅದು ಸ್ಟಾರ್ಟ್ ಆಗಲಿಲ್ಲ. ಆ ವಾರವೆಲ್ಲ ಶಾಲೆಗೆ ನಿಜವಾಗಿಯೂ ನಡೆದೇ ಹೋಗಬೇಕಾಯಿತು. ನಡಿಗೆ ನಮ್ಮ ಹವ್ಯಾಸವೆಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿದ್ದರಿಂದ ಒಬ್ಬರೂ ಕಾರು ನಿಲ್ಲಿಸಲಿಲ್ಲ.

ಗಂಟೆ ಎಷ್ಟು?

ನೈರೋಬಿ ಪೇಟೆಯಲ್ಲಿ ನಡೆಯುವುದಕ್ಕೆ, ಕಳ್ಳರ ಭಯದಿಂದ, ನಮ್ಮದೊಂದು ಪದ್ಧತಿಯಿದೆ. ಹೆಂಗಸರು ಸರ ಮುಚ್ಚುವಂತೆ ಸ್ಕಾರ್ಫ್ ಸುತ್ತಿಕೊಳ್ಳುತ್ತಾರೆ, ಗಂಡಸರು ಕೈಗಡಿಯಾರ ಬಿಚ್ಚಿ ಕಾಲುಚೀಲದೊಳಗೆ ಇಡುತ್ತಾರೆ. ವಿಯೆನ್ನಾದಲ್ಲಿ ಹೋಟೆಲಿನಿಂದ ಹೊರಡುವಾಗಲೂ ಯೋಚನೆಯಿಲ್ಲದೆ ಹಾಗೆಯೇ ಮಾಡಿದೆವು.

ತೋಟದಲ್ಲಿ ಮರಗಳನ್ನು ಗೋಡೆ ಕಟ್ಟಿದಂತೆ ನೇರವಾಗಿ ಕತ್ತರಿಸಿದ್ದರು. ಮೈತುಂಬ ಮುತ್ತು ಹಾಕಿಕೊಂಡ ಅಜ್ಜಿಯರು ಒಬ್ಬೊಬ್ಬರೇ ಓಡಾಡುತ್ತಿದ್ದರು. ಅವರಲ್ಲೊಬ್ಬಾಕೆ ತನ್ನ ಮಣಿಕಟ್ಟು ತೋರಿಸಿ ಗಂಟೆ ಎಷ್ಟೆಂದು ಕೇಳಿದರು. ಹಿರಿಯರು ಕೇಳಿದಾಗ ಇಲ್ಲವೆನ್ನಲಾದೀತೇ? ಕೆಳಗೆ ಕೂತು, ಬೂಟಿನ ದಾರ ಬಿಚ್ಚಿ, ಕಾಲುಚೀಲ ಎಳೆದು, ಗಡಿಯಾರ ತೆಗೆದು ಹನ್ನೊಂದೂಕಾಲು ಎಂದೆ. ಆಕೆ ವಿನಯದಿಂದ ತಲೆಬಾಗಿ ಹೋದರು. ನಾಲ್ಕು ಮಾರು ದೂರದಲ್ಲಿ ಇನ್ನೊಬ್ಬರನ್ನು ಗಂಟೆ ಕೇಳುತ್ತಿದ್ದರು.

ಗುಡ್ಡ

ಆ ಗಡಿಯಾರ ಕಾಲು ಸುಲಿದುಹಾಕಿತ್ತು. ಗುಡ್ಡದ ಎರಡನೇ ತಿರುವಿನಲ್ಲಿ ಬೆಂಚು ಕಂಡದ್ದೇ ಕುಸಿದು ಕೂತೆ. ನನ್ನವಳ ಚಪ್ಪಲಿಯ ಬಾರೂ ಕಿತ್ತುಹೋಗಿತ್ತು.

"ಇಲ್ಲೇ ತೆಗೆಸಿಕೊಳ್ಳೋಣ ರೀ. ಹಿಂದೆ ಮಂಟಪ ಕಾಣುತ್ತಲ್ಲ. ನೈರೋಬೀಲಿ ಕೂತು ಯಾರು ಅಳತೆ ಮಾಡ್ತಾರೆ?"

ಭೂಗೋಳ ಕಲಿಸುವವನು ಎತ್ತರದ ವಿಷಯದಲ್ಲಿ ಸುಳ್ಳು ಹೇಳುವುದೇ? ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ಡಾಕ್ಟರ ಸ್ಲೈಡುಗಳನ್ನು ಮೂರನೇ ಸಲ ನೋಡುವುದನ್ನು ನೆನೆಸಿಕೊಂಡೊಡನೆ ಕಸಿವಿಸಿ ಹೋಯಿತು. ಮಂಟಪ ಇನ್ನಷ್ಟು ಹತ್ತಿರ ಕಾಣಲೆಂದು ಬೆಂಚಿನ ಮೇಲೆಯೇ ಹತ್ತಿ ನಿಂತೆವು. ದಾರಿಹೋಕನೊಬ್ಬ ಕ್ಲಿಕ್ಕಿಸಿಕೊಟ್ಟ.

ದೀಪಾವಳಿ ಬಂತು. ಪಂಚೆಯ ಮೇಲೆ ನಮ್ಮ ಸ್ಲೈಡ್ ಬಿತ್ತು. ನಾನೂ ಒಂದು ನಿಮಿಷ ಸುಮ್ಮನಾದೆ. ಜನ ಚಪ್ಪಾಳೆ ತಟ್ಟಿದರು, ಬಿಡುಗಡೆಯಾದವರ ಚಪ್ಪಾಳೆ. ಡಾಕ್ಟರು ಮಾತ್ರ ಕನ್ನಡಕ ಏರಿಸಿಕೊಂಡು ಎದ್ದು ಪಂಚೆಯ ಹತ್ತಿರ ಹೋದರು.

"ಇದು ಮೇಲಲ್ಲ ಮೇಷ್ಟ್ರೇ, ಎರಡನೇ ತಿರುವು. ನೀವು ನಿಂತಿರೋದು ಅಲ್ಲಿನ ಬೆಂಚಿನ ಮೇಲೆ. ಕೂತ್ರೆ ಎಡಕ್ಕೆ ವಾಲುತ್ತೆ, ಬೆನ್ನಿಗೊಂದು ಮೊಳೆ ಚುಚ್ಚುತ್ತೆ."

ಚಪ್ಪಾಳೆ ನಿಂತಿತು. ನನಗೆ ತಲೆ ಎತ್ತಲಾಗಲಿಲ್ಲ, ಅಷ್ಟು ನಾಚಿಕೆಯಾಗಿತ್ತು. ಡಾಕ್ಟರು ಆಗಲೇ ತಮ್ಮ ಸ್ಲೈಡಿನ ಡಬ್ಬಿಗೆ ಕೈಹಾಕಿದ್ದರು. ಅಷ್ಟು ವಿವರವಾಗಿ ನಿಮಗೆ ಹೇಗೆ ಗೊತ್ತು ಎಂದು ನನ್ನವಳು ಮೆಲ್ಲಗೆ ಕೇಳಿದಳು. ಡಾಕ್ಟರು ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡತೊಡಗಿದರು. ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ, ಚಕ್ಕುಲಿ ತಟ್ಟೆ ಹಿಡಿದುಕೊಂಡು ಬರುತ್ತಿದ್ದ ಅವರ ಹೆಂಡತಿಯಿಂದ.

"ಗೊತ್ತಿಲ್ದೆ ಏನಮ್ಮಾ? ನಾನು ಮೇಲೆ ಹೋಗಿ, ಫೋಟೋ ತೆಗೆದು, ಇಳಿದು ಬರೋವರೆಗೂ ಇವರು ಅಲ್ಲೇ ಕೂತಿದ್ರು."