ಹನ್ನೊಂದು ದೋಷಗಳ ಬಿಳಿ ಕಾರು

ಕಲ್ಯಾಣಮಂಟಪದ ಗೇಟಿನಲ್ಲಿ ನಿಂತಿದ್ದ ವಾಚ್‌ಮನ್ ಆವತ್ತು ಕೈಯಲ್ಲಿದ್ದ ಕೋಲನ್ನು ಎಡಕ್ಕೆ ತೋರಿಸುವ ಬದಲು ಬಲಕ್ಕೆ ತೋರಿಸಿದ್ದರೆ, ಆನಂದಪ್ಪನವರು ಇವತ್ತಿಗೂ ಕಾರಿನ ಸಹವಾಸಕ್ಕೆ ಹೋಗುತ್ತಿರಲಿಲ್ಲ.

ಆನಂದಪ್ಪನವರದು ಯಲಹಂಕದ ಸಂತೆ ಸರ್ಕಲ್ ಹತ್ತಿರ ಪಾತ್ರೆ ಅಂಗಡಿ. 'ಶ್ರೀ ದ್ರೌಪದಮ್ಮ ಮೆಟಲ್ ಸ್ಟೋರ್ಸ್' ಎಂದು ಹೆಸರು. (ದೇವಸ್ಥಾನದ ಪೂಜಾರಿಯ ಮುಂದೆ ಅದು ದೇವಿಯ ಹೆಸರು, ಮನೆಯಲ್ಲಿ ಅದು ಹೆಂಡತಿಯ ಹೆಸರು. ಒಂದೇ ಬೋರ್ಡಿನ ಖರ್ಚಿನಲ್ಲಿ ಇಬ್ಬರೂ ಪ್ರಸನ್ನ.) ಅಂಗಡಿಗೆ ನಾಲ್ಕು ಚಕ್ರದ ಒಂದು ಪುಟ್ಟ ಲಗೇಜ್ ಗಾಡಿ ಇತ್ತು. ವಾರದಲ್ಲಿ ಆರು ದಿನ ಅದು ಪಾತ್ರೆ ಹೊರುತ್ತಿತ್ತು, ಏಳನೆಯ ದಿನ ಸಂಸಾರ. ಎರಡರಲ್ಲಿ ಯಾವುದರ ಸದ್ದು ಜಾಸ್ತಿ ಎಂಬುದನ್ನು ಆನಂದಪ್ಪನವರು ಅಂಗಡಿಯಲ್ಲಿ ಮಾತ್ರ ಹೇಳುತ್ತಿದ್ದರು.

ಎರಡು ಸಾವಿರದ ಹದಿನಾಲ್ಕರ ಮಾತು. ಅಣ್ಣ ಪಿಳ್ಳಪ್ಪನವರ ಮಗ ಗಿರಿಯ ಆರತಕ್ಷತೆ. ಪಿಳ್ಳಪ್ಪನವರು ಬಾಗಲೂರಿನ ಜಮೀನಿನಲ್ಲಿ ರಾಗಿ ಬೆಳೆಯುವುದನ್ನು ಬಿಟ್ಟು ಅಪಾರ್ಟ್‌ಮೆಂಟು ಬೆಳೆಯತೊಡಗಿದ ಮೇಲೆ ಅವರ ಮನೆಯ ಸಮಾರಂಭಗಳೆಲ್ಲ ಬಳ್ಳಾರಿ ರಸ್ತೆಯ ದೊಡ್ಡ ಹಾಲಿಗೇ ಏರಿದ್ದವು. ಲಗೇಜ್ ಗಾಡಿಯ ಮುಂದಿನ ಸೀಟಿನಲ್ಲಿ ರೇಷ್ಮೆ ಸೀರೆ, ಮೂರು ಮೊಳ ಮಲ್ಲಿಗೆಯ ದ್ರೌಪದಮ್ಮ. ಹಿಂದೆ ಮಗುಚಿ ಹಾಕಿದ ಕೊಳಗದ ಮೇಲೆ ಕಾಲೇಜಿಗೆ ಹೋಗುವ ಮಗಳು ಪದ್ಮಶ್ರೀ, ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ವಾಚ್‌ಮನ್ ಕೋಲು ಅಡ್ಡ ಹಿಡಿದ. "ಪಾತ್ರೆ ಸಾಮಾನು ಹಿಂದಿನ ಗೇಟು!"

"ನಾನು ಹುಡುಗನ ಚಿಕ್ಕಮ್ಮ ಕಣಪ್ಪಾ," ಎಂದರು ದ್ರೌಪದಮ್ಮ.

ವಾಚ್‌ಮನ್ ಗಾಡಿಯ ಪಕ್ಕದಲ್ಲಿ ಬರೆದಿದ್ದುದನ್ನು ನಿಧಾನವಾಗಿ ಓದಿದ. "ಯಾರಾದ್ರೂ ಆಗ್ಲಿ ಅಮ್ಮಾ, ಗೂಡ್ಸ್ ಎಲ್ಲಾ ಹಿಂದೆ."

ಹಿಂದಿನ ಗೇಟಿನಲ್ಲಿ ಅಡುಗೆಯ ಬ್ಯಾಟರಾಯಪ್ಪ ಕಾದೇ ಇದ್ದವನಂತೆ ಓಡಿ ಬಂದ. "ಸದ್ಯ ಬಂದ್ರಲ್ಲ! ಸಾರಿಗೆ ಒಂದು ಕೊಳಗ ಕಮ್ಮಿ ಬಿದ್ದೈತೆ" ಎಂದವನೇ, ಪದ್ಮಶ್ರೀ ಎದ್ದು ನಿಲ್ಲುವಷ್ಟರಲ್ಲಿ ಅವಳ ಆಸನವನ್ನು ಎತ್ತಿಕೊಂಡು ನಡೆದುಬಿಟ್ಟ. (ಬಾಡಿಗೆಯನ್ನು ಆನಂದಪ್ಪನವರು ಆಗಲೇ ವಸೂಲು ಮಾಡಿದರು. ಬ್ಯಾಟರಾಯಪ್ಪ ಅವರ ಫೋನ್ ನಂಬರನ್ನೂ ಬರೆದುಕೊಂಡ.) ಒಗ್ಗರಣೆಯ ಹೊಗೆಯ ನಡುವಿನಿಂದ ದ್ರೌಪದಮ್ಮ ಹಾಲಿಗೆ ಪ್ರವೇಶಿಸಿದಾಗ ಓರಗಿತ್ತಿ ಗೌರಮ್ಮ ವೇದಿಕೆಯ ಪಕ್ಕದಿಂದಲೇ ಕೂಗಿ ಹೇಳಿದರು: "ಅಯ್ಯೋ ದ್ರೌಪದೀ, ಅಡುಗೆಮನೆಯಿಂದ ಬಂದ್ಯಾ? ನಿಂಗ್ಯಾಕಮ್ಮಾ ಆ ಕಷ್ಟ, ಕೇಟರಿಂಗ್‌ನೋರು ಇದ್ರಲ್ಲಾ!"

ಅಲ್ಲಾಳಸಂದ್ರದ ಮನೆಯ ಬಾಗಿಲು ತೆಗೆದ ಮೇಲೆ ದ್ರೌಪದಮ್ಮನವರ ತೀರ್ಪು ಹೊರಬಿತ್ತು.

"ಗಿರಿ ತಂಗಿ ಮೋನಿಕಾ ನಿಶ್ಚಿತಾರ್ಥನೂ ಅದೇ ಹಾಲಲ್ಲಂತೆ. ಇನ್ನು ಆರು ವಾರ. ಮುಂದಿನ ಗೇಟಲ್ಲಿ ಕಾರಲ್ಲಿ ಹೋಗಿ ಇಳಿಯೋದಾದ್ರೆ ಬರ್ತೀನಿ. ಇಲ್ಲಾಂದ್ರೆ ನಿಮ್ಮಣ್ಣನ ಮನೆ ಬಾಗ್ಲಿಗೆ ಇನ್ನು ನನ್ನ ಕರೀಬೇಡಿ. ಡಿಕ್ಕಿ ಇರೋ ಕಾರೇ ಆಗ್ಬೇಕು. ಹಿಂದೆ ಕೊಯ್ದಂಗಿರೋ ಚಿಕ್ಕ ಕಾರು ಬೇಡ."

ಆನಂದಪ್ಪನವರು ವ್ಯಾಪಾರಸ್ಥರು. ಹೊಸ ಕಾರು ಶೋರೂಮಿನ ಹೊಸ್ತಿಲು ದಾಟಿದ ಕ್ಷಣಕ್ಕೇ ಒಂದು ಲಕ್ಷ ಕಳೆದುಕೊಳ್ಳುತ್ತದೆಂದು ಅವರಿಗೆ ಗೊತ್ತಿತ್ತು. ಆ ಲಕ್ಷವನ್ನು ಬೇರೆ ಯಾರಾದರೂ ಕಳೆದುಕೊಂಡಿರುವ ಕಾರು ಸಿಕ್ಕರೆ ಒಳ್ಳೆಯದು ಎಂದು ಹುಡುಕಿದರು. ಆರ್‌.ಟಿ. ನಗರದಲ್ಲಿ ಸಿಕ್ಕಿತು. ಬಿಳಿ ಸೆಡಾನ್, ಐದು ವರ್ಷದ್ದು, ಒಬ್ಬರೇ ಓಡಿಸಿದ್ದು, ನಾಲ್ಕು ಲಕ್ಷ. ಮೂರೂವರೆಗೆ ಇಳಿಸುವುದೆಂದು ಆನಂದಪ್ಪನವರು ಮನಸ್ಸಿನಲ್ಲೇ ತೀರ್ಮಾನಿಸಿ, ಕಾರು ನೋಡಲು ಹೋಗುವ ಹಿಂದಿನ ದಿನ ಸಂಜೆ ಹೆಂಡತಿ ಮಗಳನ್ನು ಕೂರಿಸಿಕೊಂಡು ತರಬೇತಿ ಕೊಟ್ಟರು.

"ನೋಡಿ, ಮಾಲು ಇಷ್ಟ ಆಯ್ತು ಅಂತ ಮುಖದಲ್ಲಿ ಕಾಣಿಸ್ಬಾರ್ದು. ಇಷ್ಟ ಆದಷ್ಟೂ ತಪ್ಪು ಹೇಳ್ಬೇಕು. ನಾನು ಮೂಗು ಉಜ್ಜಿದ್ರೆ ಒಬ್ಬೊಬ್ರೂ ಒಂದೊಂದು ಕುಂದು ತೆಗೀಬೇಕು."

ದ್ರೌಪದಮ್ಮ ಕಣ್ಣು ಕಿರಿದು ಮಾಡಿದರು. "ನನ್ನ ನೋಡೋಕೆ ಬಂದಾಗ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಅಂದ್ರಿ. ಹುಡುಗಿ ಹಿಮ್ಮಡಿ ಒಡೆದಿದೆ ಅಂದ್ರಿ. ನಮ್ಮಪ್ಪ ಎರಡು ದಿನ ಊಟ ಬಿಟ್ಟಿದ್ರು."

"ಅದೇ ಕಣೇ! ಇಷ್ಟ ಆಗಿದ್ದಕ್ಕೇ ಅಂದಿದ್ದು!"

"ಇಪ್ಪತ್ತೆರಡು ವರ್ಷ ಆದ್ಮೇಲೆ ಹೇಳ್ತಿದ್ದೀರಲ್ರೀ!"

"ರೇಟು ಏರಿಬಿಡುತ್ತೆ ಅಂತ ಹೇಳಿರ್ಲಿಲ್ಲ," ಎಂದರು ಆನಂದಪ್ಪನವರು.

ಕಾರಿನ ಯಜಮಾನರು ಖಾದರ್ ಬಾಷಾ. ಮೂವತ್ತೈದು ವರ್ಷ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷೆ ಮಾಡಿ, ಸರಿಯಿದ್ದರೆ ಮುದ್ರೆ ಒತ್ತಿ, ಇಲ್ಲದಿದ್ದರೆ ವಾಪಸು ಕಳಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಕಣ್ಣಿನ ಪೊರೆಯಿಂದಾಗಿ ಈಗ ಕಾರು ಓಡಿಸುವಂತಿರಲಿಲ್ಲ. ಅವರ ಜೇಬಿನಲ್ಲಿ ಪೆನ್ನು, ಕೈಯಲ್ಲೊಂದು ನೋಟ್‌ಬುಕ್ಕು. ಹೆಂಡತಿ ಮುಸರ್ರತ್ ಚಹಾ, ದಿಲ್‌ಪಸಂದ್ ತಂದಿಟ್ಟರು.

ಕಾರು ನಿಜಕ್ಕೂ ಲಕ್ಷಣವಾಗಿತ್ತು. ಹಾಲಿನಲ್ಲಿ ಅದ್ದಿ ತೆಗೆದಂತೆ ಬಿಳುಪು. ಒಳಗೆ ಕೂತರೆ ಹೊರಗಿನ ಆರ್‌.ಟಿ. ನಗರವೇ ಇಲ್ಲವಾದಂತೆ ನಿಶ್ಶಬ್ದ. ಆನಂದಪ್ಪನವರ ಕೈ ತಾನಾಗಿಯೇ ಮೂಗಿಗೆ ಹೋಯಿತು.

"ಸೀಟು ಗಟ್ಟಿ," ಎಂದರು ದ್ರೌಪದಮ್ಮ.

"ಹಾರ್ನು ಆಡು ಕೂಗಿದ ಹಾಗಿದೆ," ಎಂದಳು ಪದ್ಮಶ್ರೀ.

"ಏಸಿ ಊದಿದಂಗೈತೆ, ತಂಪಿಲ್ಲ," ಎಂದರು ಆನಂದಪ್ಪನವರು. ಆ ಹೊತ್ತಿಗೆ ಅವರ ತೋಳಿನ ರೋಮ ಚಳಿಗೆ ಸೆಟೆದು ನಿಂತಿತ್ತು.

ಟಯರು ಸವೆದಿದೆ, ಡಿಕ್ಕಿಯಲ್ಲಿ ವಾಸನೆ, ಕನ್ನಡಿಯಲ್ಲಿ ಮುಖ ಕಪ್ಪಗೆ ಕಾಣುತ್ತದೆ (ಇದು ದ್ರೌಪದಮ್ಮನವರದು), ವೈಪರು ಕೀಚಲು. ಮೂಗು ಕೆಂಪಾಗುವವರೆಗೆ ಉಜ್ಜಿದ ಮೇಲೆ ಒಟ್ಟು ಹನ್ನೊಂದು ದೋಷಗಳಾದವು.

ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ಬರುತ್ತಿದ್ದರು, ಇಲ್ಲವೇ ಇಪ್ಪತ್ತು ಸಾವಿರ ಇಳಿಸುತ್ತಿದ್ದರು. ಖಾದರ್ ಬಾಷಾ ಎರಡನ್ನೂ ಮಾಡಲಿಲ್ಲ. ಪ್ರತಿಯೊಂದನ್ನೂ ನಂಬರು ಹಾಕಿ ಬರೆದುಕೊಂಡರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

"ಸಾಹೇಬ್ರೇ, ಬಹಳ ಉಪಕಾರ ಆಯ್ತು. ಕಣ್ಣು ಮಂದ ಆದ್ಮೇಲೆ ಇಷ್ಟೊಂದು ಕೆಟ್ಟಿರೋದು ನನಗೆ ಗೊತ್ತೇ ಆಗ್ಲಿಲ್ಲ ನೋಡಿ."

"ಹಾಗಾದ್ರೆ ರೇಟು..." ಎಂದು ಆನಂದಪ್ಪನವರು ಮುಂದಕ್ಕೆ ಬಾಗಿದರು.

"ರೇಟಾ? ತೋಬಾ! ಹನ್ನೊಂದು ತಪ್ಪಿರೋ ಮಾಲನ್ನ ಹೆಂಡತಿ ಮಕ್ಕಳಿರೋರಿಗೆ ಕೊಡೋದಾ? ಒಂದು ತಿಂಗಳು ಟೈಮ್ ಕೊಡಿ."

ಮುಸರ್ರತ್ ಬಾಗಿಲವರೆಗೆ ಬಂದು ದ್ರೌಪದಮ್ಮನವರಿಗೆ ಮೆಲ್ಲಗೆ ಹೇಳಿದರು: "ಯಾಕಮ್ಮಾ ಇವರ ಕೈಗೆ ಪೆನ್ನು ಕೊಟ್ರಿ? ಇನ್ನು ಇವರಿಗೆ ನಿದ್ದೆ ಇಲ್ಲ, ನನಗೂ ಇಲ್ಲ."

ಒಂದು ತಿಂಗಳಾದ ಮೇಲೆ ಫೋನು ಬಂತು. ಹನ್ನೊಂದೂ ದೋಷ ಪರಿಹಾರ. ನಾಲ್ಕು ಹೊಸ ಟಯರು, ಹೊಸ ಸೀಟು ಕವರು, ಎರಡು ಸ್ವರದ ಹೊಸ ಹಾರ್ನು, ಹೊಸ ಕನ್ನಡಿ. ಬಿಲ್ಲುಗಳನ್ನೆಲ್ಲ ಫೈಲು ಮಾಡಿಟ್ಟಿದ್ದಾರೆ. ಕಾರು ಈಗ ನಾಲ್ಕು ಲಕ್ಷದ ಮೂವತ್ತೆಂಟು ಸಾವಿರ.

ಆನಂದಪ್ಪನವರು ಫೋನಿಟ್ಟು, ಒರೆಸಿದ್ದ ಚೊಂಬನ್ನೇ ಮತ್ತೊಮ್ಮೆ ಒರೆಸಿದರು. ಅವರ ಜೀವಮಾನದಲ್ಲಿ ಚೌಕಾಸಿ ಮಾಡಿ ರೇಟು ಏರಿಸಿಕೊಂಡದ್ದು ಇದೇ ಮೊದಲು. ನಿಶ್ಚಿತಾರ್ಥಕ್ಕೆ ಎರಡು ವಾರವೂ ಉಳಿದಿರಲಿಲ್ಲ. ಬೇರೆ ಕಾರು ಹುಡುಕಲು ಪುರುಸೊತ್ತಿಲ್ಲ. ದ್ರೌಪದಮ್ಮ ಆಗಲೇ ಕಾರಿನ ಬಣ್ಣಕ್ಕೆ ಒಪ್ಪುವ ಸೀರೆ ತೆಗೆದಿಟ್ಟಾಗಿತ್ತು.

ಎರಡನೆಯ ಸಲ ಹೊರಡುವಾಗ ತರಬೇತಿ ತಿರುವು ಮುರುವಾಯಿತು. "ಯಾರೂ ಒಂದೇ ಒಂದು ತಪ್ಪು ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಆದರೂ ಅಭ್ಯಾಸಬಲ. ಬಾಗಿಲು ತೆಗೆದ ಕೂಡಲೇ ಪದ್ಮಶ್ರೀ "ಈ ಕಾರ್ಪೆಟ್ಟು..." ಎಂದು ಶುರು ಮಾಡಿದಳು. ಖಾದರ್ ಬಾಷಾರ ಕೈ ಜೇಬಿನ ಪೆನ್ನಿಗೆ ಹೋಯಿತು. ಆನಂದಪ್ಪನವರ ಚಪ್ಪಲಿ ಮಗಳ ಕಾಲಿನ ಮೇಲೆ ಹೋಯಿತು.

"ಕಾರ್ಪೆಟ್ಟು ಅಂದ್ರೆ ಅವಳಿಗೆ ಪ್ರಾಣ ಸಾರ್! ಬಹಳ ಚೆನ್ನಾಗೈತೆ ಅಂತ! ಮಾಲು ಕಣ್ಣಿಗೆ ಒತ್ತಿಕೊಳ್ಳೋ ಹಾಗಿದೆ."

"ಒಳ್ಳೇದು. ಮಾಲು ಪಾಸಾಯ್ತು," ಎಂದರು ಖಾದರ್ ಬಾಷಾ, ನೋಟ್‌ಬುಕ್ಕಿನ ಹೊಸ ಹಾಳೆ ತಿರುವುತ್ತಾ. "ಈಗ ಓಡಿಸೋರ ಪರೀಕ್ಷೆ. ಐದು ವರ್ಷ ಒಂದು ಗೀರು ಬೀಳದ ಹಾಗೆ ನೋಡ್ಕೊಂಡಿದ್ದೀನಿ. ಯಾರ ಕೈಗೆ ಹೋಗುತ್ತೆ ಅಂತ ನಾನೂ ನೋಡ್ಬೇಕಲ್ಲ, ಸಾಹೇಬ್ರೇ."

ಆನಂದಪ್ಪನವರು ನಕ್ಕರು. ಇಪ್ಪತ್ತು ವರ್ಷ ಸ್ಟಿಯರಿಂಗು ಹಿಡಿದವರಿಗೆ ಪರೀಕ್ಷೆಯೇ? ಹೊರಟರು. ಹೆಬ್ಬಾಳದ ಕಡೆಗೆ ತಿರುಗುವ ಮೊದಲೇ ಮೂರು ಸಲ ಬಲಗೈ ಕಿಟಕಿಯಿಂದ ಹೊರಗೆ ಹೋಗಿ ಹಿಂದಿನವರಿಗೆ ದಾರಿ ಬಿಟ್ಟಿತು. ಎದುರಿಗೆ ಬಂದ ಬಸ್ಸಿಗೂ, ಹಸುವಿಗೂ, ಕೆಂಪು ದೀಪಕ್ಕೂ ಹೊಸ ಹಾರ್ನು ಸಮನಾಗಿ ಮೊಳಗಿತು. ಒಂದು ಹಂಪು ದಾಟಿದ ಮೇಲಂತೂ ಆನಂದಪ್ಪನವರು ಗಕ್ಕನೆ ಗಾಡಿ ನಿಲ್ಲಿಸಿ ಕೆಳಗಿಳಿದು ಹಿಂದೆ ಹೋಗಿ ನೋಡಿದರು.

"ಏನಾಯ್ತು?" ಗಾಬರಿಯಿಂದ ಕೇಳಿದರು ಖಾದರ್ ಬಾಷಾ.

"ಏನೂ ಇಲ್ಲ ಸಾರ್. ಸದ್ದೇ ಆಗ್ಲಿಲ್ಲ. ಪಾತ್ರೆ ಎಲ್ಲಾ ಬಿದ್ದೋಯ್ತೇನೋ ಅಂದ್ಕೊಂಡೆ."

ನೋಟ್‌ಬುಕ್ಕಿನಲ್ಲಿ ಪೆನ್ನು ಬಹಳ ಹೊತ್ತು ಓಡಿತು. "ಹದಿನೇಳು," ಎಂದರು ಖಾದರ್ ಬಾಷಾ ವಿಷಾದದಿಂದ. "ಸಾಹೇಬ್ರೇ, ತಪ್ಪು ತಿಳೀಬೇಡಿ. ಕಾರಿನ ಹನ್ನೊಂದನ್ನ ರಿಪೇರಿ ಮಾಡಿಸ್ದೆ. ಇದಕ್ಕೆ ಗ್ಯಾರೇಜು ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಬರಲ್ವಾ?"

ಹಿಂದಿನ ಸೀಟಿನಿಂದ ದ್ರೌಪದಮ್ಮ ಕೆಮ್ಮಿದರು.

ಇದಕ್ಕೂ ಆನಂದಪ್ಪನವರ ಚೌಕಾಸಿಯೇ ಕಾರಣ. ಹಿಂದಿನ ವರ್ಷ ಪದ್ಮಶ್ರೀಯನ್ನು ಡ್ರೈವಿಂಗ್ ಸ್ಕೂಲಿಗೆ ಸೇರಿಸುವಾಗ, "ಫೀಸು ಕಮ್ಮಿ ಮಾಡಲ್ಲ ಅಂದ್ರೆ ಅವರಮ್ಮನ್ನೂ ಬಿಟ್ಟಿ ಸೇರಿಸ್ಕೊಳ್ಳಿ" ಎಂದು ಹಟ ಹಿಡಿದು ಗೆದ್ದಿದ್ದರು. ಗೆದ್ದದ್ದನ್ನು ಮರೆತೂ ಬಿಟ್ಟಿದ್ದರು. ದ್ರೌಪದಮ್ಮ ಮರೆತಿರಲಿಲ್ಲ. ಅವರು ಪರೀಕ್ಷೆ ಪಾಸು ಮಾಡಿ, ಲೈಸೆನ್ಸನ್ನು ಬೀರುವಿನಲ್ಲಿ ಓಲೆಯ ಡಬ್ಬಿಯೊಳಗೆ ಇಟ್ಟುಕೊಂಡು ಕಾಯುತ್ತಿದ್ದರು.

ದ್ರೌಪದಮ್ಮ ಸೆರಗು ಸಿಕ್ಕಿಸಿ, ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿ (ಈಗ ಮುಖ ಬೆಳ್ಳಗೆ ಕಾಣುತ್ತಿತ್ತು), ಹೆಬ್ಬಾಳದವರೆಗೆ ಹೋಗಿ ಬಂದರು. ಒಂದು ಸಲವೂ ಹಾರ್ನು ಹೊಡೆಯಲಿಲ್ಲ. ಮನೆಯಲ್ಲಿ ಎಲ್ಲ ಹೊಡೆದು ಮುಗಿಸಿರುತ್ತಾಳೆ ಎಂದು ಆನಂದಪ್ಪನವರು ಮನಸ್ಸಿನಲ್ಲೇ ಅಂದುಕೊಂಡರು.

"ಪಾಸ್!" ಎಂದರು ಖಾದರ್ ಬಾಷಾ. ಕಾಗದಪತ್ರಗಳು ದ್ರೌಪದಮ್ಮನವರ ಹೆಸರಿಗೇ ಆದವು. ದುಡ್ಡು ಮಾತ್ರ ಆನಂದಪ್ಪನವರ ಹೆಸರಿನಲ್ಲಿ ಹೋಯಿತು. ಒಂದು ರೂಪಾಯಿಯೂ ಇಳಿಯಲಿಲ್ಲ. "ರೇಟು ಒಂಚೂರು ಜಾಸ್ತಿ" ಎಂದು ಆನಂದಪ್ಪನವರು ಕೊನೆಗೊಮ್ಮೆ ಒಂದು ಪ್ರಾಮಾಣಿಕವಾದ ದೋಷ ಹೇಳಿದರು. "ಅದು ಕಾರಿನ ದೋಷ ಅಲ್ಲ" ಎಂದು ಖಾದರ್ ಬಾಷಾ ನೋಟ್‌ಬುಕ್ಕು ಮುಚ್ಚಿದರು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಎಂಟಕ್ಕೆ ಎಲ್ಲ ಸಿದ್ಧ. ಕಾರಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಆಗ ಫೋನು ಬಂತು. ಬ್ಯಾಟರಾಯಪ್ಪ.

"ಅಣ್ಣಾ, ನಮ್ಮ ಪಾತ್ರೆ ಗಾಡಿ ಗೊರಗುಂಟೆಪಾಳ್ಯದಲ್ಲಿ ಕೆಟ್ಟು ನಿಂತೈತೆ. ಹತ್ತು ಕೊಳಗ, ನಾಲ್ಕು ಬಾಂಡ್ಲಿ ಈಗಲೇ ಬೇಕು. ಎರಡರಷ್ಟು ಬಾಡಿಗೆ ತಕ್ಕೊಳ್ಳಿ. ಇನ್ಮುಂದೆ ಈ ಮಂಟಪದ ಪಾತ್ರೆ ಆರ್ಡರೆಲ್ಲಾ ನಿಮ್ದೇ!"

ಆನಂದಪ್ಪನವರ ಮುಂದೆ ಒಂದು ಕಡೆ ಮಾನ, ಇನ್ನೊಂದು ಕಡೆ ವರ್ಷಪೂರ್ತಿಯ ವ್ಯಾಪಾರ. ಅವರು ಯೋಚಿಸಲು ತೆಗೆದುಕೊಂಡದ್ದು ನಿಂಬೆಹಣ್ಣು ಅಪ್ಪಚ್ಚಿಯಾಗುವಷ್ಟು ಹೊತ್ತು.

"ನೀವು ನಡೀರಿ. ಕೊಳಗ ಇಳಿಸಿ ಮುಂದಿನ ಗೇಟಿಗೇ ಬಂದ್ಬಿಡ್ತೀನಿ," ಎಂದರು.

"ಗಾಡೀಲಾ?"

"ಖಾಲಿ ಗಾಡಿ ಕಣೇ. ಅಣ್ಣನ ಮನೆ ಫಂಕ್ಷನ್ನು, ಯಾರು ತಡೀತಾರೆ?"

ದ್ರೌಪದಮ್ಮ ಸೆರಗು ಸಿಕ್ಕಿಸಿ ಕಾರು ಹತ್ತಿದರು.

ಕೊಳಗಗಳು ಇಳಿದವು. ಬ್ಯಾಟರಾಯಪ್ಪ ಮುಂಗಡವನ್ನೂ ಕೊಟ್ಟ. ಆನಂದಪ್ಪನವರು ಉತ್ಸಾಹದಿಂದ ಗಾಡಿಯನ್ನು ಸುತ್ತು ಹಾಕಿಸಿ ಮುಂದಿನ ಗೇಟಿಗೆ ತಂದರು. ಒಳಗೆ ಮಂಟಪದ ಎದುರಿಗೇ ಬಿಳಿ ಕಾರು ಹೊಳೆಯುತ್ತಾ ನಿಂತಿತ್ತು. ಪಕ್ಕದಲ್ಲಿ ಗೌರಮ್ಮ ಅದರ ಡಿಕ್ಕಿಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು.

ಅದೇ ವಾಚ್‌ಮನ್. ಅದೇ ಕೋಲು. ಎಡಕ್ಕೆ.

"ಏಯ್, ಆ ಬಿಳಿ ಕಾರು ನಮ್ದೇ ಕಣಯ್ಯಾ!"

"ಗೊತ್ತು ಸಾರ್," ಎಂದ ವಾಚ್‌ಮನ್ ಬಹಳ ಗೌರವದಿಂದ. "ಆ ಮೇಡಮ್ಮೇ ಹೇಳಿ ಹೋಗವ್ರೆ. ನಮ್ಮ ಅಂಗಡಿ ಪಾತ್ರೆ ಗಾಡಿ ಬರುತ್ತೆ, ಏನು ಹೇಳಿದ್ರೂ ಕೇಳ್ಬೇಡಿ, ಹಿಂದಿನ ಗೇಟಿಗೇ ಕಳ್ಸಿ ಅಂತ."

ಒಗ್ಗರಣೆಯ ಹೊಗೆಯ ನಡುವಿನಿಂದ ಆನಂದಪ್ಪನವರು ಹಾಲಿಗೆ ಪ್ರವೇಶಿಸಿದರು. ದ್ರೌಪದಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ, ಕಾರಿನ ಕೀಲಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದರು. ಪಕ್ಕದ ಕುರ್ಚಿಯ ಮೇಲೆ ಕರ್ಚೀಫು ಹಾಕಿ ಜಾಗ ಹಿಡಿದಿದ್ದರು. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಿಧಾನವಾಗಿ ಮೂಗು ಉಜ್ಜಿಕೊಂಡರು.

"ಶರಟಿಗೆ ಮಸಿ ಆಗಿದೆ," ಎಂದರು.

ಆನಂದಪ್ಪನವರು ಕರ್ಚೀಫು ಎತ್ತಿ ಕುಳಿತರು.

"ಮೈಯೆಲ್ಲಾ ಎಣ್ಣೆ ವಾಸನೆ. ತಲೆ ಬಾಚಿಲ್ಲ. ಚಪ್ಪಲಿ ಒಂದೊಂದು ಒಂದೊಂದು ಜೋಡಿದು."

ನಾಲ್ಕು ದೋಷವಾಯಿತು. ಕಾರಿಗೆ ಹನ್ನೊಂದು ಸಿಕ್ಕಿತ್ತು. ದ್ರೌಪದಮ್ಮನವರ ಬೆರಳು ಇನ್ನೂ ಮೂಗಿನ ಮೇಲೇ ಇತ್ತು. ಇಷ್ಟ ಆದಷ್ಟೂ ತಪ್ಪು ಎಂದು ತಾವೇ ಕಲಿಸಿದ್ದ ಆನಂದಪ್ಪನವರು ಉಳಿದ ಏಳಕ್ಕೆ ಕಾದು ಕುಳಿತರು.