ಆಫೀಸಿನಲ್ಲಿ ಚಿಕ್ಕಮ್ಮನ ಬ್ರೇಕು

ನನ್ನ ಚಿಕ್ಕಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡಲು ಗಟ್ಟಿ ಗುಂಡಿಗೆ ಬೇಕು. ಅವಳು ಬೈಯುವುದಿಲ್ಲ, ಚಾಡಿ ಹೇಳುವುದಿಲ್ಲ. ಬ್ರೇಕ್ ಹಾಕುತ್ತಾಳೆ! ಆಫೀಸಿನಲ್ಲಿ ಎಂಥ ಬ್ರೇಕು ಎಂದು ನೀವು ಕೇಳಬಹುದು. ಹೇಳುತ್ತೇನೆ, ತಾಳಿ.

ಮದುವೆಗೆ ಮುಂಚೆ ಚಿಕ್ಕಮ್ಮ ಟೈಪಿಸ್ಟ್ ಆಗಿದ್ದಳು. ಆಮೇಲೆ ಏನನ್ನಿಸಿತೋ, ಆ ಕೆಲಸ ಬಿಟ್ಟು ಕೊಪ್ಪದಲ್ಲಿ ಡ್ರೈವಿಂಗ್ ಸ್ಕೂಲ್ ತೆರೆದಳು. ಈಗ ಭಂಡಿಗಡಿಯಿಂದ ಶೃಂಗೇರಿಯವರೆಗೆ ಕಾರು ಓಡಿಸುವವರಲ್ಲಿ ಅರ್ಧ ಜನ ಅವಳ ಶಿಷ್ಯರು. ಉಳಿದರ್ಧ ಅವಳಿಗೆ ಹೆದರಿ ಬೇರೆ ಕಡೆ ಕಲಿತವರು. ಕಲಿಸುವವರ ಕಾಲಿನ ಹತ್ತಿರವೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ವರ್ಷಗಟ್ಟಲೆ ತುಳಿದೂ ತುಳಿದೂ ಕೊನೆಗೆ ಸವೆದದ್ದು ಅವಳ ಮಂಡಿ. ಡಾಕ್ಟರು ಇನ್ನು ಕಾರು ಬೇಡ ಅಂದರು. ಮನೆಯವರೆಲ್ಲ ಇನ್ನು ಆರಾಮಾಗಿ ಕೂತಿರು ಅಂದರು.

"ಕೂರೋದೇ ಆದ್ರೆ ಆಫೀಸಲ್ಲಿ ಕೂರ್ತೀನಿ" ಎಂದ ಚಿಕ್ಕಮ್ಮ, ಒಂದು ಸಹಕಾರ ಸಂಘದಲ್ಲಿ ಪೂರ್ತಿ ದಿನದ ಕೆಲಸಕ್ಕೆ ಸೇರಿಯೇಬಿಟ್ಟಳು. ಮೂರು ತಿಂಗಳು ನೋಡುವುದು, ಸರಿ ಬಂದರೆ ಮುಂದುವರಿಸುವುದು ಎಂಬ ಕರಾರು. ಕರಾರು ಹಾಕಿದ ಮ್ಯಾನೇಜರ್ ಯಾರೆಂದುಕೊಂಡಿರಿ? ಕೊಪ್ಪದ ಹತ್ತಿರದ ನಾರ್ವೆ ಊರಿಗೆ ಹೋಗುವ ರಸ್ತೆಯ ಏರಿನಲ್ಲಿ ಕಾರನ್ನು ಹಿಂದಕ್ಕೆ ಬಿಟ್ಟು, ಕಣ್ಣು ಮುಚ್ಚಿ ದೇವರನ್ನು ಕರೆದಿದ್ದ ಅವಳ ಹಳೇ ಶಿಷ್ಯ!

ಮೊದಲ ದಿನ ಚಿಕ್ಕಮ್ಮ ಕುರ್ಚಿಯನ್ನು ಹಿಂದೆ ಮುಂದೆ ಸರಿಸಿ ಹದ ಮಾಡಿಕೊಳ್ಳುವಷ್ಟರಲ್ಲಿ ಕಾಫಿ ವೇಳೆಯಾಗಿತ್ತು. ಆಮೇಲೆ ಬ್ಯಾಗಿನಿಂದ ಒಂದು ಕನ್ನಡಿ ತೆಗೆದು ಕಂಪ್ಯೂಟರಿನ ಮೂಲೆಗೆ ಅಂಟಿಸಿದಳು. ಇದೆಂತಕ್ಕೆ ಮೇಡಂ ಎಂದು ಮ್ಯಾನೇಜರ್ ಕೇಳಿದ. ಹಿಂದೆ ಯಾರು ಬರುತ್ತಿದ್ದಾರೆ ಎಂದು ನೋಡದೆ ಮುಂದೆ ಹೋಗುವುದು ಹೇಗೆ ಎಂದು ಇವಳೇ ತಿರುಗಿ ಕೇಳಿದಳು. ವಾರ ಕಳೆಯುವುದರೊಳಗೆ ಸಂಘದ ಸದಸ್ಯರೆಲ್ಲ ಆ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಮ್ಯಾನೇಜರ್ ರೂಮಿಗೆ ಹೋಗುವುದು ರೂಢಿಯಾಯಿತು.

ಇನ್ನು ಬ್ರೇಕಿನ ವಿಷಯ. ಪಕ್ಕದ ಸೀಟಿನ ಹುಡುಗಿ ಅವಸರದಲ್ಲಿ ಏನಾದರೂ ಟೈಪ್ ಮಾಡಿದರೆ ಸಾಕು, ಮೇಜಿನ ಕೆಳಗೆ ಚಿಕ್ಕಮ್ಮನ ಕಾಲು ಧಡ್ ಎಂದು ನೆಲ ತುಳಿಯುತ್ತದೆ. ಕಾಫಿ ತರುವವನು ಗಕ್ಕನೆ ನಿಲ್ಲುತ್ತಾನೆ, ಕಾಫಿ ಮಾತ್ರ ನಿಲ್ಲುವುದಿಲ್ಲ! ಒಮ್ಮೆ ಮ್ಯಾನೇಜರ್ ಯಾರೋ ಸದಸ್ಯರ ಮೇಲೆ ಸಿಟ್ಟಿಗೆದ್ದು ಖಾರದ ಪತ್ರ ಬರೆಸುತ್ತಿದ್ದನಂತೆ. ಧಡ್! ಪತ್ರ ಅಲ್ಲಿಗೇ ನಿಂತಿತು. ಮರುದಿನ ಸಿಟ್ಟು ಇಳಿದ ಮೇಲೆ ಅವನೇ ಬಂದು, ನಿನ್ನೆ ನಿಲ್ಲಿಸಿದ್ದು ಒಳ್ಳೇದಾಯ್ತು ಎಂದನಂತೆ.

ಇಷ್ಟಾದರೂ ಕಂಪ್ಯೂಟರ್ ಅವಳ ಮಾತು ಕೇಳಲಿಲ್ಲ. ಒಂದು ದಿನ ಮಧ್ಯಾಹ್ನವೆಲ್ಲ ಕೂತು ಟೈಪ್ ಮಾಡಿದ ವರದಿ, ಯಾವುದೋ ಗುಂಡಿ ಒತ್ತಿದ್ದಕ್ಕೆ ಪೂರ್ತಿ ಮಾಯ. ಈ ವಯಸ್ಸಲ್ಲಿ ಇದೆಲ್ಲ ನಿಮಗೆ ಕಷ್ಟ ಅಲ್ದಾ ಮೇಡಂ ಎಂದು ಮ್ಯಾನೇಜರ್ ಎಲ್ಲರೆದುರೇ ಕೇಳಿದ. ಚಿಕ್ಕಮ್ಮ ಬ್ಯಾಗು ಎತ್ತಿಕೊಂಡಳು. ಸೀದಾ ಬಸ್ ಸ್ಟ್ಯಾಂಡಿನ ಎದುರಿಗಿರುವ ನನ್ನ ಜೆರಾಕ್ಸ್ ಅಂಗಡಿಗೆ ಬಂದು, ನಾಳೆಯಿಂದ ನನಗೆ ಕಲಿಸು ಎಂದಳು. ಕೇಳಿದ್ದಲ್ಲ, ಅಪ್ಪಣೆ!

ಮಾರನೇ ಬೆಳಿಗ್ಗೆ ನಾನು ಷಟರ್ ಎತ್ತುವ ಮೊದಲೇ ಬಂದು ನಿಂತಿದ್ದಳು. ಅಂದಿನಿಂದ ದಿನಾ ಅದೇ ಪಾಠ. ಅದೇ ತಪ್ಪನ್ನು ಮತ್ತೆ ಮತ್ತೆ ಮಾಡಿದಾಗ ನಾನೊಮ್ಮೆ ದನಿ ಎತ್ತಿದೆ.

"ಕಲ್ಸೋರು ಕಿರುಚಬಾರ್ದು ಮಾರಾಯ್ತಿ. ನನ್ನ ಕಾರನ್ನ ಚರಂಡಿಗೆ ಇಳ್ಸಿದವ್ರಿಗೂ ನಾನು ಕಿರುಚಿಲ್ಲ."

ಕಿರುಚುವ ಅಗತ್ಯವೇ ಇರಲಿಲ್ಲ, ನೀನು ಒಮ್ಮೆ ನೋಡಿದರೆ ಸಾಕಿತ್ತು ಎಂದೆ. ಅವಳು ಒಮ್ಮೆ ನೋಡಿದಳು. ನಾನು ಪಾಠವನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಮೂರು ತಿಂಗಳು ತುಂಬಿದ ಶನಿವಾರ ಮ್ಯಾನೇಜರ್ ಅವಳನ್ನು ರೂಮಿಗೆ ಕರೆದನೆಂದು ಪಕ್ಕದ ಸೀಟಿನ ಹುಡುಗಿ ನನಗೆ ಫೋನ್ ಮಾಡಿದಳು. ಅಂದು ನಾನು ಯಾರದೋ ಆಧಾರ್ ಕಾರ್ಡನ್ನು ತಲೆಕೆಳಗಾಗಿಯೇ ಜೆರಾಕ್ಸ್ ತೆಗೆದೆ. ಸಂಜೆ ಚಿಕ್ಕಮ್ಮ ಕಾಲೆಳೆಯುತ್ತಾ ಬಂದು ಸ್ಟೂಲಿನ ಮೇಲೆ ಕೂತಳು. ಕೆಲಸ ಮುಂದುವರಿಯಲಿಲ್ಲವೇನೋ ಅಂದುಕೊಂಡೆ. ನೀರು ಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟಳು.

"ಮಂಡಿ ಹೋದ್ಮೇಲೆ ಎಲ್ರೂ ನಂಗೆ ಬರಬೇಡ ಅಂತ್ಲೇ ಹೇಳಿದ್ದು ಕಣೇ. ಮದುವೆ ಮನೇಲಿ ಮೆಟ್ಲಿದೆ, ಬರಬೇಡ. ತೋಟ ಜಾರ್ತದೆ, ಬರಬೇಡ. ಇವತ್ತು ಅವ್ನು, ಸೋಮವಾರ ಕೆಲ್ಸ ಜಾಸ್ತಿ ಇದೆ, ನೀವು ಸ್ವಲ್ಪ ಬೇಗ ಬನ್ನಿ ಅಂದ."

ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಚಿಕ್ಕಮ್ಮ ಅತ್ತದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಹೊರಗೆ ಗಿರಾಕಿಗಳು ಕರೆಯುತ್ತಿದ್ದರು. ನಾನು ಅವಳ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತೆ.